ಚಟ್ನಿಪುಡಿಯೊಳಗಿನ ಗ್ರೀನ್ ಕಾರ್ಡು

"ಚಟ್ನಿಪುಡಿ ಡಬ್ಬಿ ಎಲ್ಲಿ?"

ಕೇಳಿದವಳು ನಾನು. ಸ್ಕಾಟ್‌ಲ್ಯಾಂಡಿನ ಯಾವುದೋ ಹಳ್ಳಿಯ ಗ್ಯಾಸ್ ಸ್ಟೇಷನ್. ಕೈಯಲ್ಲಿ ಎರಡು ಸ್ಲೈಸ್ ಬ್ರೆಡ್ಡು. ಹಿಂದಿನ ಸೀಟಿನಲ್ಲಿ ಮತ್ತೆ ಹಸಿವೆಂದು ಮುಖ ಊದಿಸಿಕೊಂಡು ಕೂತಿರುವ ಹನ್ನೆರಡು ವರ್ಷದ ಮಗಳು ದಿಯಾ.

"ಅದನ್ನಾ? ಆಂಟಿಗೆ ಕೊಟ್ಬಿಟ್ಟೆ" ಎಂದ ನನ್ನ ಗಂಡ ಮೋಹನ್, ಕಾರಿನ ಟ್ಯಾಂಕಿಗೆ ಪೆಟ್ರೋಲ್ ತುಂಬಿಸುತ್ತಾ.

"ಯಾವ ಆಂಟಿಗೆ?"

"ಅದೇ, ಮಧ್ಯಾಹ್ನ ಹೋಗಿದ್ವಲ್ಲ, ಆ ದೊಡ್ಡ ಮನೆ ಆಂಟಿಗೆ. ಪಾಪ, ಎಷ್ಟು ಇಷ್ಟಪಟ್ಟು ತಿಂದ್ರು. ಟೀ ಬೇರೆ ಮಾಡಿಕೊಟ್ರು. ಬರಿಗೈಲಿ ಹೇಗೆ ಎದ್ದು ಬರೋದು?"

ಆ ಡಬ್ಬಿಯ ತಳದಲ್ಲಿ, ಪುಡಿಯ ಅಡಿಯಲ್ಲಿ, ಜಿಪ್‌ಲಾಕ್ ಕವರಿನೊಳಗೆ ನಮ್ಮಿಬ್ಬರ ಗ್ರೀನ್ ಕಾರ್ಡುಗಳಿದ್ದವು. ಮಾರನೇ ದಿನ ಬೆಳಗ್ಗೆ ಎಡಿನ್‌ಬರೋದಿಂದ ವರ್ಜೀನಿಯಾದ ಡಲ್ಲಸ್ ಏರ್‌ಪೋರ್ಟಿಗೆ ನಮ್ಮ ಫ್ಲೈಟು. ಕಾರ್ಡು ತೋರಿಸದಿದ್ದರೆ ವಿಮಾನ ಹತ್ತಿಸುವುದಿಲ್ಲ.

ಈಗ ನೀವು ಕೇಳುತ್ತೀರಿ, ಗ್ರೀನ್ ಕಾರ್ಡನ್ನು ಯಾರಾದರೂ ಚಟ್ನಿಪುಡಿಯಲ್ಲಿ ಹೂತಿಡುತ್ತಾರಾ ಅಂತ. ಇಡುತ್ತಾರೆ. ನಾನು ಇಟ್ಟೆ. ಕೇಳಿ.

ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ನಮ್ಮದು ಹದಿನಾಲ್ಕು ವರ್ಷದ ಸಂಸಾರ. ಅದರಲ್ಲಿ ಹದಿಮೂರು ವರ್ಷ ಕಾರ್ಡಿಗಾಗಿ ಕಾದಿದ್ದೇವೆ. ಆ ವರ್ಷಗಳಲ್ಲಿ ದೇಶ ಬಿಟ್ಟು ಹೊರಗೆ ಕಾಲಿಡಲು ಹೆದರಿಕೆ. ಹೊರಗೆ ಹೋದರೆ ವಾಪಸ್ ಬರಲು ವೀಸಾ ಸ್ಟ್ಯಾಂಪಿಂಗ್ ಆಗಬೇಕು, ಎಂಬೆಸಿಯ ಕಿಟಕಿಯ ಹಿಂದೆ ಕೂತ ಪುಣ್ಯಾತ್ಮ ಏನು ಅನ್ನುತ್ತಾನೋ ಯಾರಿಗೆ ಗೊತ್ತು? ಯೂರೋಪ್ ಎಂದರೆ ನಮಗೆ ಇನ್ನೊಬ್ಬರ ವಾಟ್ಸ್ಆ್ಯಪ್ ಸ್ಟೇಟಸ್ ಅಷ್ಟೇ ಆಗಿತ್ತು. (ಅದಕ್ಕೆ ಲೈಕ್ ಒತ್ತಿ ಒತ್ತಿಯೇ ನನ್ನ ಹೊಟ್ಟೆಕಿಚ್ಚಿಗೆ ವಯಸ್ಸಾಯಿತು.)

ಕೊನೆಗೆ ಕಾರ್ಡು ಬಂತು. ಅಂಚೆಯ ಕವರ್ ಒಡೆದಾಗ ನಾನು ಅತ್ತೆ. ಮೋಹನ್ ಅಳಲಿಲ್ಲ, ಆದರೆ ಗರಾಜಿಗೆ ಹೋಗಿ ಸುಮ್ಮನೆ ಅರ್ಧ ಗಂಟೆ ನಿಂತು ಬಂದ. ದಿಯಾ ಇಲ್ಲಿಯೇ ಹುಟ್ಟಿದವಳು, ಅವಳಿಗೆ ಈ ಗೋಳೇ ಇಲ್ಲ. "ಇಟ್ಸ್ ನಾಟ್ ಈವನ್ ದಟ್ ಗ್ರೀನ್" ಎಂದಳು.

ಮೊದಲ ಟ್ರಿಪ್ ಸ್ಕಾಟ್‌ಲ್ಯಾಂಡ್ ಎಂದು ತೀರ್ಮಾನಿಸಿದ್ದು ಮೋಹನ್. ಅವನಿಗೆ ಕೋಟೆಗಳೆಂದರೆ ಪ್ರಾಣ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಅರಮನೆ ತೋರಿಸ್ತೀಯಾ ಅಂತ ನಾನು ಕೇಳಿದೆ. ಕೇಳಿ ಸುಮ್ಮನಾದೆ, ವಿಮಾನ ಹತ್ತುವುದೇ ನನಗೆ ದೊಡ್ಡ ವಿಷಯವಾಗಿತ್ತು.

ಕಾರ್ಡಿನ ಜವಾಬ್ದಾರಿ ಯಾರದು? ನನ್ನದೇ. ನಮ್ಮ ಮನೆಯಲ್ಲಿ ಎಲ್ಲ ಜವಾಬ್ದಾರಿಯೂ ನನ್ನದೇ, ಏಕೆಂದರೆ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಪರ್ಸ್ ಕದಿಯುತ್ತಾರೆ. ಬ್ಯಾಗ್ ಕದಿಯುತ್ತಾರೆ. ಹೋಟೆಲಿನ ಸೇಫ್‌ನಲ್ಲಿ ಇಟ್ಟರೆ ಮರೆತು ಬರುತ್ತೇವೆ. ಆದರೆ ಪ್ರಪಂಚದ ಯಾವ ಕಳ್ಳನಾದರೂ ಹಳೇ ಮೊಸರಿನ ಡಬ್ಬಿಯಲ್ಲಿರುವ ಖಾರದ ಪುಡಿಗೆ ಕೈ ಹಾಕಿಯಾನೇ? ವಿಮಾನ ಇಳಿದ ದಿನವೇ ಹೋಟೆಲ್ ರೂಮಿನಲ್ಲಿ ಕವರ್ ಸುತ್ತಿ, ತಳದಲ್ಲಿಟ್ಟು, ಮೇಲೆ ಪುಡಿ ಸುರಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಮೋಹನ್‌ಗೆ ಹೇಳಲಿಲ್ಲ. ಹೇಳಿದರೆ "ಸೇಫಾ? ಶೂರ್ ಆ?" ಎಂದು ದಿನಕ್ಕೆ ಮೂರು ಸಲ ಡಬ್ಬಿ ಕೆದಕುತ್ತಾನೆ.

ಐದು ದಿನ ಕೋಟೆಗಳನ್ನು ನೋಡಿದೆವು. ನಿಜ ಹೇಳಲಾ? ಮೂರನೆಯದರ ನಂತರ ಎಲ್ಲವೂ ಒಂದೇ. ತಣ್ಣನೆಯ ಕಲ್ಲು, ತಲೆ ತಿರುಗುವ ಮೆಟ್ಟಿಲು, ನಾಯಿಯ ಪಕ್ಕ ನಿಂತ ಯಾವನೋ ಧಣಿಯ ದೊಡ್ಡ ಪೇಂಟಿಂಗು. ಇಷ್ಟು ಚಳಿಯಲ್ಲಿ ಇವರು ರಾಜ್ಯ ಆಳಿದ್ದಾದರೂ ಹೇಗೆ ಅನ್ನಿಸಿತು ನನಗೆ. ದಿಯಾ ಪ್ರತಿ ಕೋಟೆಯಲ್ಲೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅಮ್ಮಾ, ವೈಫೈ ಇದ್ಯಾ?"

ಕೊನೆಯ ದಿನ ಮೋಹನ್ ಹುಡುಕಿದ್ದು ಕೋಟೆಯನ್ನಲ್ಲ, ಹಳ್ಳಿಯೊಂದರ ಹೊರಗಿರುವ ಒಂದು ಹಳೇ ಬಂಗಲೆಯನ್ನು. ಮುನ್ನೂರು ವರ್ಷದ ಮನೆ. ಇಪ್ಪತ್ತಾರು ಕೋಣೆ. ವಾಸ ಇರುವುದು ಒಬ್ಬರೇ, ಎಪ್ಪತ್ತೆಂಟು ವರ್ಷದ ಮಾರ್ಗರೆಟ್. ಸೂರು ರಿಪೇರಿಗೆ ಆಗಲಿ ಎಂದು ಟಿಕೆಟ್ ಇಟ್ಟು, ತಾವೇ ಮನೆ ತೋರಿಸುತ್ತಾರೆ. ಮೊಣಕೈ ಹರಿದ ಸ್ವೆಟರ್ ತೊಟ್ಟಿದ್ದರು. ನಾನು ಮೊದಲು ಅವರನ್ನು ಕೆಲಸದವರು ಅಂದುಕೊಂಡೆ. (ಹೌದು, ನಾಚಿಕೆ ಆಯಿತು.) ಬಾಗಿಲಲ್ಲಿ ನಾವು ಮೂವರೂ ಅಭ್ಯಾಸಬಲದಿಂದ ಶೂ ಬಿಚ್ಚಿದೆವು. ಅವರು ಗಾಬರಿಯಾಗಿ "ದಯವಿಟ್ಟು ಹಾಕಿಕೊಳ್ಳಿ, ನೆಲ ಐಸ್ ಇದ್ದ ಹಾಗಿದೆ" ಎಂದರು.

ಮನೆ ನೋಡಿ ಮುಗಿಸಿ, ತೋಟದ ಬೆಂಚಿನ ಮೇಲೆ ಕೂತು ಬ್ರೆಡ್ಡಿಗೆ ತುಪ್ಪ, ಚಟ್ನಿಪುಡಿ ಸವರಿಕೊಂಡು ತಿನ್ನುತ್ತಿದ್ದೆವು. ಮಾರ್ಗರೆಟ್ ಹತ್ತಿರ ಬಂದು, ಏನಿದು ಇಷ್ಟು ಘಮ ಎಂದರು. ಮೋಹನ್ ಒಂದು ತುಂಡು ಕೊಟ್ಟ. ಕೆಮ್ಮಿದರು, ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡರು. ಆಮೇಲೆ ಇನ್ನೊಂದು ತುಂಡು ಕೇಳಿದರು! ಬನ್ನಿ, ಟೀ ಕುಡಿದು ಹೋಗಿ ಎಂದು ಅಡುಗೆಮನೆಗೆ ಕರೆದರು. ನಾನು ಟೀ ಮುಗಿಸಿ ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ನನ್ನ ಧರ್ಮರಾಯ ಡಬ್ಬಿಯನ್ನೇ ದಾನ ಮಾಡಿ ಮುಗಿಸಿದ್ದ.

ಅದು ಗೊತ್ತಾದದ್ದು ಮುಕ್ಕಾಲು ಗಂಟೆ ದಾರಿ ಸವೆಸಿದ ಮೇಲೆ, ಆ ಗ್ಯಾಸ್ ಸ್ಟೇಷನ್ನಿನಲ್ಲಿ.

"ಅದ್ರಲ್ಲಿ ನಮ್ ಕಾರ್ಡಿದೆ ಕಣೋ!"

"ಯಾವ ಕಾರ್ಡು?"

"ಗ್ರೀನ್ ಕಾರ್ಡು!"

ಮೋಹನ್ ನನ್ನನ್ನೇ ನೋಡಿದ. "ಚಟ್ನಿಪುಡೀಲಿ?" ಎಂದ. "ಚಟ್ನಿಪುಡೀಲಿ" ಎಂದೆ. ಕಾರು ತಿರುಗಿಸಿದ.

ಆ ಡ್ರೈವ್ ಬಗ್ಗೆ ಹೇಳುವುದೇ ಬೇಡ. ಮೋಹನ್ ಬೆಂಗಳೂರಿನಲ್ಲಿ ಎಡಕ್ಕೆ ಓಡಿಸಲು ಕಲಿತು, ವರ್ಜೀನಿಯಾದಲ್ಲಿ ಬಲಕ್ಕೆ ಪಳಗಿ, ಈಗ ಮತ್ತೆ ಎಡಕ್ಕೆ. ಒಂದೇ ಕಾರು ಹಿಡಿಸುವಷ್ಟು ಸಣ್ಣ ರಸ್ತೆ, ತಿರುವಿಗೊಂದು ಕುರಿ ಹಿಂಡು. ಟಿಕೆಟ್‌ನಲ್ಲಿದ್ದ ನಂಬರಿಗೆ ಒಂಬತ್ತು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಆನ್ಸರಿಂಗ್ ಮೆಷಿನ್ ಮಾತಾಡಿತು. ನಾನು ಬಾಯಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ. ಕಾರ್ಡು ಹೋದರೆ ಲಂಡನ್ನಿನ ಎಂಬೆಸಿ, ಫಾರಂ, ಅಪಾಯಿಂಟ್‌ಮೆಂಟು, ಮತ್ತೆ ಅದೇ ಕಾಯುವಿಕೆ. ಹದಿಮೂರು ವರ್ಷ ಕಾದದ್ದನ್ನು ಒಂದು ಡಬ್ಬಿಗೆ ಹಾಕಿ ನಾನೇ ಕಳೆದೆನಲ್ಲ! ಗಂಡನನ್ನು ಬೈಯೋಣವೆಂದರೆ ಬೈಯುವುದಕ್ಕೂ ನ್ಯಾಯವಿಲ್ಲ. ಆದರೂ ಸ್ವಲ್ಪ ಬೈದೆ.

"ಯಾರಾದ್ರೂ ಸಿಕ್ಕೋರಿಗೆಲ್ಲ ಡಬ್ಬಿ ಸಮೇತ ಕೊಡ್ತಾರಾ?"

"ನಿಮ್ಮಮ್ಮ ಕೊಡಲ್ವಾ?" ಎಂದ ಅವನು. ಕೊಡುತ್ತಾರೆ.

"ಆರ್ ವಿ ಗೋಯಿಂಗ್ ಟು ಲಿವ್ ಹಿಯರ್ ನೌ?" ಎಂದಳು ದಿಯಾ ಹಿಂದಿನಿಂದ. ಆಗ ಇಬ್ಬರೂ ಜಗಳ ನಿಲ್ಲಿಸಿದೆವು.

ಬಂಗಲೆಯ ಮುಂಬಾಗಿಲು ಮುಚ್ಚಿತ್ತು. ನಾನು ಹಿಂದಕ್ಕೆ ಓಡಿದೆ. ಅಡುಗೆಮನೆಯ ಬಾಗಿಲು ಹಾರು ಹೊಡೆದಿತ್ತು. ಇಪ್ಪತ್ತಾರು ಕೋಣೆಯ ಮನೆ, ಬಾಗಿಲಿಗೊಂದು ಚಿಲಕವಿಲ್ಲ! ನಮ್ಮ ಟೌನ್‌ಹೌಸಿಗೆ ಎರಡು ಕ್ಯಾಮೆರಾ ಇವೆ, ಏನು ಕಾಯುವುದಕ್ಕೋ ದೇವರೇ ಬಲ್ಲ.

ಸಿಂಕಿನ ಪಕ್ಕ ಮಾರ್ಗರೆಟ್ ನಿಂತಿದ್ದರು. ಅವರ ಹಿಂದೆ, ಕಿಟಕಿಯ ಬಳಿ ಕಟ್ಟಿದ ಹುರಿಯಲ್ಲಿ, ಎರಡು ಬಟ್ಟೆಗಳ ನಡುವೆ, ಕ್ಲಿಪ್ಪು ಹಾಕಿಸಿಕೊಂಡು ನಮ್ಮಿಬ್ಬರ ಕಾರ್ಡುಗಳು ನೇತಾಡುತ್ತಿದ್ದವು. ಸೋಪು ಹಾಕಿ ತೊಳೆದು ಒಣಹಾಕಿದ್ದರು!

ಹೋದ ಜೀವ ಬಂತು ಎನ್ನುತ್ತಾರಲ್ಲ, ಆ ಮಾತಿನ ಅರ್ಥ ಆಗಲೇ ಗೊತ್ತಾದದ್ದು. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಮೋಹನ್ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡ. ಮಂಗಳಾರತಿ ತಟ್ಟೆಗೂ ಅವನು ಅಷ್ಟು ಭಕ್ತಿ ತೋರಿಸಿದ್ದನ್ನು ನಾನು ನೋಡಿಲ್ಲ. ದಿಯಾ ಹೋಗಿ ಮಾರ್ಗರೆಟ್ ಅವರನ್ನು ತಬ್ಬಿಕೊಂಡಳು.

ಟೋಸ್ಟಿಗೆ ಹಾಕಿಕೊಳ್ಳೋಣವೆಂದು ಪುಡಿಯನ್ನು ಗಾಜಿನ ಜಾರಿಗೆ ಸುರಿಯುವಾಗ ಕವರ್ ಸಿಕ್ಕಿತಂತೆ. ಕವರಿನ ಬಾಯಿ ಸರಿಯಾಗಿ ಮುಚ್ಚಿರಲಿಲ್ಲ, ಒಳಗೆಲ್ಲ ಖಾರ. "ಊಟದ ಜೊತೆ ಕೊಟ್ಟವರ ಫೋಟೋ ಇಡುವುದು ನಿಮ್ಮ ಕಡೆಯ ಪದ್ಧತಿ ಇರಬೇಕು ಅಂದುಕೊಂಡೆ" ಎಂದರು. "ಆಮೇಲೆ ಸರ್ಕಾರದ ಮುದ್ರೆ ಕಂಡಿತು. ನೀವು ಬಂದೇ ಬರುತ್ತೀರಿ ಎಂದು ಬಾಗಿಲು ತೆಗೆದಿಟ್ಟೆ."

ಚಟ್ನಿಪುಡಿಯಲ್ಲಿ ಯಾಕಿಟ್ಟಿರಿ ಎಂದು ಕೇಳಿದರು. ಕಳ್ಳರ ಭಯ ಎಂದೆ. ಗಂಡನಿಗೆ ಹೇಳಿರಲಿಲ್ಲವೇ ಎಂದರು. ಇಲ್ಲ ಎಂದೆ.

ಅವರು ನಗಲಿಲ್ಲ. ಕೈ ಒರೆಸಿಕೊಂಡು, ನಮ್ಮನ್ನು ಅಡುಗೆಮನೆಯ ಪಕ್ಕದ ಸಣ್ಣ ಓಣಿಗೆ ಕರೆದುಕೊಂಡು ಹೋದರು. ಕೊನೆಯಲ್ಲೊಂದು ಕಪ್ಪು ಮರದ ಬಾಗಿಲು. ಕೆಳಗಿನ ನೆಲಮಾಳಿಗೆಯದಂತೆ. ಅವರ ಯಜಮಾನರು ಬೀಗ ಹಾಕಿ, ಕೀಯನ್ನು "ಭದ್ರವಾದ ಜಾಗದಲ್ಲಿ" ಇಟ್ಟಿದ್ದರು. ಎಲ್ಲಿ ಎಂದು ಹೇಳಲಿಲ್ಲ. ಅವರು ತೀರಿಕೊಂಡು ಹನ್ನೊಂದು ವರ್ಷ.

"ಬೀಗ ಒಡೆಸಬಹುದಲ್ಲ?" ಎಂದ ಮೋಹನ್.

"ಮುನ್ನೂರು ವರ್ಷದ ಬಾಗಿಲು. ಮುಟ್ಟಬೇಕೆಂದರೂ ಸರ್ಕಾರದ ಅನುಮತಿ ಬೇಕು" ಎಂದರು. ಬಾಗಿಲ ಮೇಲೆ ಒಂದು ಸಲ ಕೈಯಾಡಿಸಿದರು. "ನಮ್ಮ ಮದುವೆಯ ಫೋಟೋಗಳು ಕೆಳಗಿವೆ. ಅವು ಇನ್ನೂ ಇವೆಯೋ, ತೇವಕ್ಕೆ ಹಾಳಾದವೋ, ಗೊತ್ತಿಲ್ಲ. ಕೀ ಎಲ್ಲಿ ಅಂತ ಒಂದು ಮಾತು ಹೇಳಿ ಹೋಗಬಾರದಿತ್ತೇ?"

ನಾನು ಅವರ ಕೈ ಹಿಡಿದುಕೊಂಡೆ. ಹೊರಡುವಾಗ ಖಾಲಿ ಡಬ್ಬಿಯನ್ನು ತೊಳೆದು, ಅದರ ತುಂಬ ಬಿಸ್ಕತ್ತು ಹಾಕಿ ದಿಯಾಳ ಕೈಗಿಟ್ಟರು. (ಖಾಲಿ ಡಬ್ಬಿ ವಾಪಸ್ ಕೊಡಬಾರದು ಎಂದು ಅವರಿಗೆ ಯಾರು ಹೇಳಿಕೊಟ್ಟರೋ!)

ಮರುದಿನ ಡಲ್ಲಸ್‌ನಲ್ಲಿ ಇಮಿಗ್ರೇಷನ್ ಆಫೀಸರ್ ನನ್ನ ಕಾರ್ಡು ತೆಗೆದುಕೊಂಡು ಎರಡು ಸಲ ಸೀನಿದ. ಮೂರನೆಯ ಸೀನಿಗೆ ಮೊದಲು ಸ್ಟ್ಯಾಂಪ್ ಒತ್ತಿಬಿಟ್ಟ. ಹೊರಗೆ ಬಂದು ಆ ಸೆಖೆಯಲ್ಲಿ, ಪಾರ್ಕಿಂಗ್ ಶಟಲ್‌ಗೆ ಕಾಯುತ್ತಾ ನಿಂತಾಗ ಎಷ್ಟು ಹಾಯೆನ್ನಿಸಿತು ಎಂದರೆ, ಅಪರಿಚಿತರಿಗೆಲ್ಲ ಬಿಸ್ಕತ್ತು ಹಂಚಬೇಕು ಅನ್ನಿಸಿತು.

ಮೋಹನ್ ಮನೆಗೆ ಬಂದು ಸೂಟ್‌ಕೇಸ್ ಇಳಿಸುತ್ತಾ, ಮೆಲ್ಲಗೆ ಇಷ್ಟೇ ಕೇಳಿದ:

"ನಂಗೆ ಹೇಳಿದ್ರೆ ನಾನೇನ್ ಕದೀತಿದ್ನಾ?"

ಅವನ ಕೈ ಹಿಡಿದು ಎಳೆದುಕೊಂಡು ಹೋಗಿ, ಕ್ಲಾಸೆಟ್‌ನಲ್ಲಿ ಪಾಸ್‌ಪೋರ್ಟು, ಒಡವೆ, ಮನೆಯ ಕಾಗದ, ಎಲ್ಲ ಎಲ್ಲೆಲ್ಲಿವೆ ಎಂದು ತೋರಿಸಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಒಂದು ಜಾಗ ತೋರಿಸಿದಾಗಲಂತೂ "ಅಯ್ಯೋ, ಆ ಹಳೇ ಶೂ ಡಬ್ಬಿನಾ? ಹೋದ ತಿಂಗಳು ಡೊನೇಟ್ ಮಾಡೋಣ ಅಂತಿದ್ದೆ" ಎಂದ.

ಈಗ ನೀವು ಹೇಳಿ. ನಿಮ್ಮ ಮನೆಯಲ್ಲಿ ಬೆಲೆಬಾಳುವುದು ಎಲ್ಲಿದೆ ಎಂದು ಗೊತ್ತಿಲ್ಲದಿರುವುದು ಕಳ್ಳನಿಗಾ, ಗಂಡನಿಗಾ?