ಸೀತಕ್ಕನ ಪೆನ್ಶನ್ ಪಂಚಾಂಗ

ಕೊಪ್ಪದ ಹತ್ತಿರದ ನಾರ್ವೆ ಊರಿನ ಸೀತಕ್ಕ ಕ್ಯಾಲೆಂಡರ್ ನೋಡುವವಳಲ್ಲ. ಯಾರಾದರೂ ಪುಕ್ಕಟೆ ಕೊಟ್ಟರೂ ಅದು ಗೋಡೆಯ ತೂತು ಮುಚ್ಚಲು ಹೋಗುತ್ತದೆ. ಅವಳ ಕಾಲಗಣನೆಯೆಲ್ಲ ವೃದ್ಧಾಪ್ಯ ವೇತನದ ಮೇಲೆ. ಮೊಮ್ಮಗಳು ದೀಪಶ್ರೀ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, "ನಮ್ಮತ್ತೆಗೆ ಪೋಸ್ಟ್‌ಮ್ಯಾನ್ ಬಾಗ್ಲಿಗೇ ಪೆನ್ಶನ್ ತಂದುಕೊಡ್ತಿದ್ದ ಕಾಲ ಮಾರಾಯ" ಎನ್ನುತ್ತಾಳೆ. ಪಕ್ಕದ ಮನೆಯ ಕೋಳಿ ಇವಳ ಬಸಳೆ ಚಪ್ಪರ ಹತ್ತಿ ಜಗಳವಾದದ್ದು ಪೆನ್ಶನ್ ಬ್ಯಾಂಕಿಗೆ ಬರತೊಡಗಿದ ವರ್ಷ. ರಾಜಿಯಾದದ್ದು ಹೆಬ್ಬೆಟ್ಟು ಒತ್ತುವ ಮೆಷಿನ್ ಬಂದ ಮೇಲೆ. ದೀಪಶ್ರೀಯ ಮದುವೆಗೆ "ಪೆನ್ಶನ್ ಬಿದ್ದ ಮಾರನೇ ದಿನ ಬನ್ನಿ" ಎಂದು ಕರೆದದ್ದಕ್ಕೆ, ಅರ್ಧ ಊರು ಮುಹೂರ್ತ ವಿಚಾರಿಸಲು ಕೊಪ್ಪದ ಬ್ಯಾಂಕಿಗೆ ಹೋಗಿತ್ತಂತೆ! ಈಗ ಬದುಕಿದ್ದೇವೆಂದು ತೋರಿಸಲು ಫೋನಿಗೆ ಮುಖ ಕೊಡಬೇಕು. ಅದಕ್ಕಾಗಿ ಸೀತಕ್ಕ ಮುಖಕ್ಕೆ ಪೌಡರ್ ಬಳಿದು, ಪೆಟ್ಟಿಗೆಯ ಸೀರೆ ಉಟ್ಟು ಕೊಪ್ಪದ ಬಸ್ಸು ಹತ್ತುತ್ತಾಳೆ. "ಮದುವೆಗಾ ಸೀತಕ್ಕ?" ಎಂದು ಕಂಡಕ್ಟರ್ ಕೇಳಿದರೆ, "ಬದುಕಿದೀನಿ ಅಂತ ಹೇಳಕ್ಕೆ ಹೋಗೋದು ಮಾರಾಯ, ಸತ್ತೋರ ಹಂಗೆ ಹೋಗಕ್ಕಾಗ್ತದಾ?" ಬಸ್ಸಿಗೆ ಬಸ್ಸೇ ನಗುತ್ತದೆ. ಮೊನ್ನೆ ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದ ನಾನೂ ನಗುತ್ತಲೇ, ಪೆನ್ಶನ್ನಿನ ವಯಸ್ಸನ್ನು ಅರವತ್ತೈದರಿಂದ ಅರವತ್ತಕ್ಕೆ ಇಳಿಸಿದ ವರ್ಷ ಏನಾಯಿತು ಎಂದು ಕೇಳಿದೆ. ಸೀತಕ್ಕ ಕಿಟಕಿಯ ಕಡೆ ತಿರುಗಿದಳು. "ಎಂತದೂ ಆಗ್ಲಿಲ್ಲ. ನಂಗೆ ಪೆನ್ಶನ್ ಶುರುವಾಯ್ತು, ಅಷ್ಟೆ. ನಮ್ಮನೆಯೋರು ಹಿಂದಿನ ವರ್ಷನೇ ಹೋಗಿದ್ರು. ಕ್ಯಾಲೆಂಡರ್ ನೋಡೋ ಕೆಲ್ಸ ಅವರದ್ದಾಗಿತ್ತು, ತಮಗೆ ಅರವತ್ತೈದು ಆಗಕ್ಕೆ ಇನ್ನೆಷ್ಟು ತಿಂಗಳು ಅಂತ."