ಒಂದು ಗೇಣಿನ ಗೋಡೆ

ಮೊರಬದಲ್ಲಿ ಹಗೇವು ತೋಡುವವನು ಅಂತ ಉಳಿದದ್ದು ಮಾಳಪ್ಪ ಒಬ್ಬನೇ. ಜೋಳ ತುಂಬಿಡುವ ಆ ನೆಲದಡಿಯ ಗುಂಡಿಗಳ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಎರಡಾಳು ಅಗಲ. ಅಪ್ಪನ ಹಿಂದೆ ಶುರುಮಾಡಿ ನಲವತ್ತು ವರ್ಷ ತೋಡಿದ. ಅರವತ್ತಕ್ಕೆ ಬರುವ ಹೊತ್ತಿಗೆ ಮೊಣಕಾಲು ಸೋಲತೊಡಗಿದ್ದವು.

೧೯೮೬ರ ಮಳೆಗಾಲದಲ್ಲಿ ಓಣಿಯೊಳಗೆ ಒಂದು ಟ್ರ್ಯಾಕ್ಟರಿನ ಗಾಲಿ ನೆಲ ಒಡೆದು ಹಳೆಯ ಹಗೇವಿನೊಳಕ್ಕೆ ಇಳಿಯಿತು. ಕಾಲುವೆ ನೀರು ಬಂದ ಮೇಲೆ ಕರಿಮಣ್ಣು ಒಳಗೊಳಗೇ ಹಸಿಯಾಗಿತ್ತು. ಊರಿನವರು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಲಿಸುವ ಗುಲಾಮಹುಸೇನ ಮಾಸ್ತರನ್ನು ಕರೆಸಿದರು. ಯಾವವು ಕುಸಿಯಬಹುದು ಎಂದು ಲೆಕ್ಕ ಹಾಕಲು ಅವರಿಗೆ ಊರಿನ ಮೂವತ್ತೊಂದು ಹಗೇವುಗಳ ಒಳಗಿನ ಅಳತೆ ಬೇಕಿತ್ತು. ಇಳಿಯಬಲ್ಲವನು ಮಾಳಪ್ಪನೇ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಹಗ್ಗ ಹಿಡಿದು ಇಳಿಯುತ್ತಿದ್ದ. ಅಳತೆ ಕೂಗಿ ಹೇಳುತ್ತಿದ್ದ, ಮೇಲೆ ಮಾಸ್ತರು ಬರೆದುಕೊಳ್ಳುತ್ತಿದ್ದರು.

"ಮಣ್ಣನ್ನ ಕಾಗದದ ಮ್ಯಾಲೆ ಹಿಂಗ ಸಣ್ಣ ಸಣ್ಣ ತ್ರಿಕೋನ ಮಾಡ್ತೀನ್ರಿ ಕಾಕಾ," ಎಂದು ಮಾಸ್ತರು ತೋರಿಸಿದರು. "ಒಂದರ ಮ್ಯಾಲೆ ಎಷ್ಟು ಭಾರ ಬೀಳತೈತಿ, ಬಾಜೂದಕ್ಕ ಎಷ್ಟು ದಾಟತೈತಿ, ಕಂಪ್ಯೂಟರ್ ಲೆಕ್ಕ ಹಾಕತೈತಿ."

ತಿಂಗಳೊಪ್ಪತ್ತಿನಲ್ಲಿ ಲೆಕ್ಕ ಬಂತು. ಒಂಬತ್ತು ಮುಚ್ಚಬೇಕು, ಉಳಿದವು ನಿಲ್ಲುತ್ತವೆ. ನಿಲ್ಲುವವುಗಳಲ್ಲಿ ಕಸ್ತೂರೆವ್ವನ ಮನೆ ಮುಂದಿನ ಜೋಡಿ ಹಗೇವೂ ಇದ್ದವು. ಅದನ್ನು ಕೇಳಿದ ಮರುದಿನ ಮಾಳಪ್ಪ ಬಸ್ಸು ಹತ್ತಿ ಹುಬ್ಬಳ್ಳಿಗೆ ಮಾಸ್ತರ ಹತ್ತಿರ ಹೋದ.

"ಆ ಜೋಡಿ ಹಗೇವಿನ ನಡುವ ಮೂರು ಮೊಳ ಮಣ್ಣು ಉಳಿಯೂ ಹಂಗ ಅಳತಿ ಹೇಳಿದ್ನಿ. ಸುಳ್ಳರಿ ಸಾಹೇಬ್ರ. ಒಂದು ಗೇಣು ಐತಿ. ಹರೇದಾಗ ಹೆಚ್ಚು ಚೀಲ ಹಿಡೀಲಿ ಅಂತ ಹೊಟ್ಟಿ ಹಿಗ್ಗಿಸಿದ್ನಿ. ಯಾರಿಗೂ ಹೇಳಲಿಲ್ಲ."

ಮಾಸ್ತರು ಬೈಯಲಿಲ್ಲ. ಹಳೆಯ ಅಳತೆ ಹೊಡೆದು ಹೊಸದನ್ನು ಬರೆದುಕೊಂಡರು. "ಹಂಗಾರ ಅದೂ ನಿಲ್ಲೂದಿಲ್ಲ ಅನಸತೈತಿ. ಮತ್ತೊಮ್ಮೆ ಲೆಕ್ಕ ಹಾಕಸ್ತೀನಿ. ಅಲ್ಲೀತನಕ ಅದರ ಮ್ಯಾಲೆ ಯಾರೂ ಓಡಾಡೂದು ಬ್ಯಾಡ."

ಕಸ್ತೂರೆವ್ವನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ಕಟ್ಟೆಯ ಮೇಲೆ ಕಾಳು ಆರಿಸುತ್ತಿದ್ದಳು.

"ಮೂವತ್ತು ವರ್ಷ ಬಿದ್ದಿಲ್ಲಲ್ಲೋ ಮಾಳಪ್ಪಾ!"

"ಒಣಾ ಮಣ್ಣಾಗ ನಿಂತಿತ್ರಿ ಅವ್ವಾರ. ಈಗ ನೆನದೈತಿ."

"ಅದರ ಮ್ಯಾಲೆ ನನ್ನ ಮೊಮ್ಮಕ್ಕಳು ಆಡಿದ್ರಲ್ಲೋ. ಅವತ್ತ ಹೇಳಾಕ ನಿನಗ ಬಾಯಿ ಇರಲಿಲ್ಲೇನು?"

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಎರಡನೆಯ ಲೆಕ್ಕ ಮಾಸ್ತರು ಅಂದಂತೆಯೇ ಬಂತು, ಆ ಜೋಡಿಯೂ ನಿಲ್ಲುವುದಿಲ್ಲ. ಜೋಳ ಮೇಲೆತ್ತಿಸಿ ಹನ್ನೊಂದೂ ಹಗೇವುಗಳಿಗೆ ಗರಸು ಮಣ್ಣು ತುಂಬಿಸಿದರು. ತನ್ನ ಕೈಯಾರೆ ತೋಡಿದ ಗುಂಡಿಗಳಿಗೆ ಮಾಳಪ್ಪನೇ ಬುಟ್ಟಿ ಬುಟ್ಟಿ ಸುರಿದ. ಜೋಡಿ ಹಗೇವಿನ ನಡುವಿನ ಆ ಗೇಣು ಗೋಡೆ ಬೀಳುತ್ತಿತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕಸ್ತೂರೆವ್ವ ವರ್ಷದ ಮೇಲೆ ಮಾತಾಡಿಸಿದಳು, ಅದೂ ಹಬ್ಬದ ದಿನ, ಹೋಳಿಗೆ ಕೊಡುವಾಗ.

ಅದರ ಮುಂದಿನ ಬೇಸಿಗೆಯಲ್ಲಿ ಮಾಸ್ತರು ಮತ್ತೆ ಬಂದರು. ಅಣ್ಣಿಗೇರಿ ಕಡೆ ನಲವತ್ತು ಹಗೇವು ಅಳೆಯಬೇಕಿತ್ತು.

"ಬರ್ತೀನ್ರಿ," ಎಂದ ಮಾಳಪ್ಪ, ಗೋಡೆ ಹಿಡಿದು ಮೇಲೇಳುತ್ತ. "ಆದ್ರ ಇಳಿಯೂದು ನನ್ನ ಕೈಲಿ ಆಗೂದಿಲ್ಲ. ಬ್ಯಾರೆ ಯಾರನ್ನರೆ ಇಳಸ್ರಿ. ಎಲ್ಲಿ ಸುಳ್ಳು ಇರತೈತಿ ಅಂತ ನಾ ಮ್ಯಾಲೆ ಕುಂತು ಹೇಳ್ತೀನಿ."