ತೆರೆಯದ ಹಾಜರಿ

ಮಾರಕ್ಕನ ಗ್ರಾಚ್ಯುಟಿ ಇನ್ನೂ ಬಾಕಿ. ಇದನ್ನು ಬರೆಯುವ ಹೊತ್ತಿಗೂ ಬಾಕಿ. ಅವಳ ಜೊತೆ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ನಿಂತು ದುಡಿದ ಅಷ್ಟೂ ಹೆಂಗಸರದ್ದು ಬಾಕಿ. ನಾನು ಹೇಳಹೊರಟಿರುವುದು ಜಿಗಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಈರೇಶನ ವಿಷಯ. ಆದರೂ ಬಾಕಿಯ ಮಾತು ಮೊದಲು ಬರಬೇಕು. ಇಲ್ಲದಿದ್ದರೆ ಈರೇಶನನ್ನು ಹೊಗಳಿ, ಟೀ ಕುಡಿದು, ನಾವೆಲ್ಲ ಎದ್ದು ಹೋಗಿಬಿಡುತ್ತೇವೆ.

ಈರೇಶ ರಾಣೆಬೆನ್ನೂರಿನ ಕಡೆಯವನು. ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದವನು ಪೀಣ್ಯದ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪ್ ಮಾಡುತ್ತಿದ್ದ. ನಮ್ಮ ಕಾರ್ಮಿಕ ಸಂಘದ ಕರಪತ್ರಗಳೂ ಅವನ ಕೈಯಿಂದಲೇ ಆಗುತ್ತಿದ್ದವು. ಹಣೆಯಲ್ಲಿ ವಿಭೂತಿ, ಕಣ್ಣು ಕಂಪ್ಯೂಟರಿನ ಮೇಲೆ. "ಅಣ್ಣಾರ, ಧಿಕ್ಕಾರ ಅಂತ ಮೂರು ಸಲ ಬರದೀರಿ. ಎರಡು ಸಾಕೇನ್ರಿ? ಜಾಗ ಸಾಲವಲ್ದು" ಅನ್ನುವ ಆಸಾಮಿ. ಹೋರಾಟಗಾರ ಅಲ್ಲವೇ ಅಲ್ಲ. ಒಂದು ದಿನವೂ ಗೇಟಿನ ಮುಂದೆ ಕೂತವನಲ್ಲ. ಒಮ್ಮೆ ಅವನು ಮಾಡಿಕೊಟ್ಟ ಕರಪತ್ರವನ್ನು ಪ್ರೆಸ್ಸಿಗೆ ಒಯ್ದೆವು. ಪ್ರೆಸ್ಸಿನವನ ಕಂಪ್ಯೂಟರಿನಲ್ಲಿ ಈರೇಶ ಟೈಪ್ ಮಾಡಿದ್ದ ನುಡಿ ಅನ್ನುವ ಕನ್ನಡ ಫಾಂಟ್ ಇರಲಿಲ್ಲ, ಅವನಿಗೆ ಕನ್ನಡ ಓದಲೂ ಬರುತ್ತಿರಲಿಲ್ಲ. ಬಂಡಲು ಬಿಚ್ಚಿದರೆ ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ, ಮಂತ್ರವಾದಿಯ ತಾಯತದ ತಗಡಿನ ಹಾಗೆ ಏನೇನೋ ಗೀಟು, ಚುಕ್ಕಿ. ಬಂಡಲು ಬಜ್ಜಿ ಅಂಗಡಿ ಸೇರಿತು. ನಾನು ಈರೇಶನನ್ನು ಬೈದೆ, ಈರೇಶ ಪ್ರೆಸ್ಸಿನವನನ್ನು ಬೈದ.

ಆಮೇಲೆ ಅವನು ರಿಪೇರಿ ಕಲಿತ. ಜಿಗಣಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಮಳಿಗೆ ಹಿಡಿದು, ಸುತ್ತಲಿನ ಫ್ಯಾಕ್ಟರಿಗಳ ಪ್ರಿಂಟರು, ಕಂಪ್ಯೂಟರು ನೋಡಿಕೊಳ್ಳುವ ಗುತ್ತಿಗೆ ಹಿಡಿದ. ಅವುಗಳಲ್ಲಿ ದೊಡ್ಡದು ಸ್ವಿಚ್ ಬೋರ್ಡ್ ಮಾಡುವ ಒಂದು ಫ್ಯಾಕ್ಟರಿ. ಅಂಗಡಿಯ ಬಾಡಿಗೆ ಹುಟ್ಟುತ್ತಿದ್ದದ್ದೇ ಅಲ್ಲಿಂದ. ಮಾರಕ್ಕ ದುಡಿಯುತ್ತಿದ್ದದ್ದೂ ಅಲ್ಲೇ.

ಮಾರಕ್ಕ ಜಿಗಣಿಯವಳೇ. ಎಂಟು ವರ್ಷ ಪ್ಯಾಕಿಂಗಿನಲ್ಲಿ ನಿಂತಳು. ಪ್ಯಾಕಿಂಗ್ ಮಿಷನ್ ಬಂದ ಮೇಲೆ ಅವಳನ್ನೂ ಉಳಿದವರನ್ನೂ ಗೇಟಿನ ಹೊರಗೆ ಬಿಟ್ಟರು. ಐದು ವರ್ಷ ಸತತ ದುಡಿದವರಿಗೆ ಕೊಡಲೇಬೇಕಾದ ಗ್ರಾಚ್ಯುಟಿ ಕೇಳಿದರೆ ಕಂಪನಿ ಹೇಳಿತು: ಇವರು ಬಿಟ್ಟು ಬಿಟ್ಟು ಬಂದವರು, ಐದು ವರ್ಷ ಸತತವಾಗಿ ದುಡಿದವರೇ ಅಲ್ಲ. ದುಡಿದಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಒಂದೇ, ಬೆರಳಚ್ಚು ಯಂತ್ರದಿಂದ ಟೈಮ್ ಆಫೀಸಿನ ಕಂಪ್ಯೂಟರಿಗೆ ಹೋಗಿ ಕೂರುವ ಹಾಜರಿಯ ಡೇಟಾಬೇಸ್ ಫೈಲು.

"ಬೆಳ್ಳಿನ ಗೆರೆನೇ ಸವ್ದೋಗಿತ್ತು ಕಣಪ್ಪ" ಅನ್ನುತ್ತಿದ್ದಳು ಮಾರಕ್ಕ. "ಮಿಸಿನ್ನು ಇಡೀತಿರ್ಲಿಲ್ಲ. ಸೆಕ್ಯುರಿಟಿಯೋನು, ಉಗುಳಚ್ಕೊಂಡು ಒತ್ತಮ್ಮೋ ಅನ್ನೋನು. ಅಂಗೇ ಒತ್ತಿವ್ನಿ, ದಿನಾ."

ಆ ಫೈಲು ತನ್ನಿ ಅಂದರು ಲೇಬರ್ ಆಫೀಸರ್ ಮೇಡಂ. ಕಂಪನಿಯವರು ಪೆನ್‌ಡ್ರೈವಿನಲ್ಲಿ ತಂದರು, ನಮಗೂ ಒಂದು ಪ್ರತಿ ಕೊಟ್ಟರು. ಜೊತೆಗೆ ಒಂದು ಮಾತನ್ನೂ ಕೊಟ್ಟರು: ಫೈಲ್ ತೆರೆಯುವುದಿಲ್ಲ. ಆಯುಧಪೂಜೆಯ ದಿನ ಕಂಪ್ಯೂಟರು ಓಡುತ್ತಿರುವಾಗಲೇ ಯಾರೋ ಮೇನ್ ಸ್ವಿಚ್ ಇಳಿಸಿ, ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದರು. ಅಂದಿನಿಂದ ಸತ್ತಿದೆ. ನಮ್ಮ ತಪ್ಪಲ್ಲ, ಪದ್ಧತಿ.

ಮೇಡಂ ಸೋಮವಾರ ಮಧ್ಯಾಹ್ನ ಕೊನೆಯ ವಿಚಾರಣೆ ಅಂದರು. ಅಷ್ಟರೊಳಗೆ ಏನಿದೆಯೋ ಅದರ ಮೇಲೆ ತೀರ್ಮಾನ. ನಮ್ಮ ಕೈಗೆ ಪ್ರತಿ ಸಿಕ್ಕಿದ್ದು ಶನಿವಾರ ಸಂಜೆ. ಭಾನುವಾರ ಲೈನ್ ಕೆಲಸ ಅಂತ ಇಡೀ ಜಿಗಣಿಗೆ ಕರೆಂಟಿಲ್ಲ. ಸೋಮವಾರ ಬೆಳಿಗ್ಗೆ ನಾನು, ಮಾರಕ್ಕ ಇಬ್ಬರೂ ಈರೇಶನ ಅಂಗಡಿಯ ಶಟರ್ ಏಳುವ ಮೊದಲೇ ಬಂದು ನಿಂತಿದ್ದೆವು.

ವಿಷಯ ಕೇಳಿ ಈರೇಶ ಪೆನ್‌ಡ್ರೈವನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ. "ಪೂಜಾಕ್ಕ ಮೊದಲ ಶಟ್‌ಡೌನ್ ಮಾಡ್ಬೇಕ್ರಿ ಅಣ್ಣಾರ. ದೇವ್ರು ಕಾಯ್ತಾನ, ಫೈಲು ಕಾಯಂಗಿಲ್ಲ."

"ಸರಿ, ಈಗ ತೆಗಿ" ಅಂದೆ.

"ತಡೀರಿ. ಮೊದಲ ಕಾಪಿ. ಅಸಲಿಗೆ ಕೈ ಹಚ್ಚಬಾರದು. ಏನ್ ಹರೀತೀನೋ ಕಾಪಿ ಹರೀತೀನಿ."

ಕಾಪಿ ಮಾಡಿ, ಅಸಲನ್ನು ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ನನ್ನ ಸಹಿ, ಮಾರಕ್ಕನ ಹೆಬ್ಬೆಟ್ಟು ತೆಗೆದುಕೊಂಡ. "ಇಲ್ಲೂ ಒತ್ಬೇಕಾ?" ಅಂದಳು ಮಾರಕ್ಕ. ಆಮೇಲೆ ಕಾಪಿಯನ್ನು ತೆರೆಯಲು ಹೋದ. ಈ ಫೈಲು ಯಾವ ಜಾತಿಯದೋ ಗೊತ್ತಾಗುತ್ತಿಲ್ಲ ಅಂತ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಉಗಿಯಿತು. ಸಾಫ್ಟ್‌ವೇರಿನ ಜೊತೆಗೇ ಬರುವ ರಿಪೇರಿ ಉಪಾಯ ಹಾಕಿದ. ಉಗಿಯಿತು. ಹೊಸ ಖಾಲಿ ಫೈಲು ಮಾಡಿ ಹಳೆಯದರಿಂದ ಒಳಗೆ ಎಳೆದುಕೊಳ್ಳಲು ನೋಡಿದ. ಅರ್ಧಕ್ಕೆ ನಿಂತು ಮತ್ತೆ ಉಗಿಯಿತು.

"ಅದೇನ್ ಕಕ್ಕಸ್ಸಾ, ಬಾಗ್ಲು ತೆಗೀದೆ ಒಳಗೇ ಕುಂತೈತೆ?" ಅಂದಳು ಮಾರಕ್ಕ. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ.

ಈರೇಶ ಇನ್ನೊಂದು ಸಾಫ್ಟ್‌ವೇರ್ ತೆಗೆದ. ಅದು ಬಾಗಿಲು ಬಡಿಯುವುದಿಲ್ಲ, ಗೋಡೆಯ ಇಟ್ಟಿಗೆ ಒಂದೊಂದಾಗಿ ಬಿಚ್ಚುತ್ತದೆ. ಫೈಲನ್ನು ತುಂಡು ತುಂಡಾಗಿ ಓದಿ ಸಿಕ್ಕಿದ್ದನ್ನು ಸಿಕ್ಕಹಾಗೆ ಹೊರಗೆ ಹಾಕುತ್ತದೆ. ಪರದೆಯ ಮೇಲೆ ಹಸಿರು ಪಟ್ಟಿ ತೆವಳತೊಡಗಿತು. ಆಗಲೇ ಬಾಗಿಲ ಮುಂದೆ ಕಾರು ನಿಂತದ್ದು.

ಇಳಿದವನು ಹರ್ಷವರ್ಧನ್, ಫ್ಯಾಕ್ಟರಿಯ ಎಚ್‌ಆರ್. ನನ್ನನ್ನು ನೋಡಿ ನೋಡದ ಹಾಗೆ ಮಾಡಿದ. ಮಾರಕ್ಕನಿಗೆ ಮಾತ್ರ ಕೈ ಎತ್ತಿ, "ಚೆನ್ನಾಗಿದ್ದೀರಾಮ್ಮ?" ಅಂದ.

"ನೀವ್ ಮಡಗ್ದಂಗಿವ್ನಿ ಸಾ" ಅಂದಳು ಅವಳು.

ಅವನು ಈರೇಶನ ಕಡೆ ತಿರುಗಿದ. "ಯಾಕ್ರೀ ಟೈಮ್ ವೇಸ್ಟ್ ಮಾಡ್ಕೋತೀರಾ? ನಮ್ ಐಟಿಯವ್ರೇ ನೋಡಿ ಕೈಬಿಟ್ಟಿದ್ದಾರೆ. ಫೈಲ್ ಡೆಡ್. ಅಂದಹಾಗೆ, ನಿಮ್ ಸರ್ವಿಸ್ ಕಾಂಟ್ರ್ಯಾಕ್ಟು ಈ ತಿಂಗಳು ರಿನ್ಯೂವಲ್‌ಗೆ ಬಂದಿದೆ ಅಲ್ವಾ?"

"ಬಂದೈತ್ರಿ ಸಾರ್. ಚಾ ತರಸ್ಲೇನ್ರಿ?"

"ಬೇಡ. ಯೋಚ್ನೆ ಮಾಡಿ" ಅಂದು ಕಾರು ಹತ್ತಿದ.

ಈರೇಶನ ಕೈ ಮೌಸಿನ ಮೇಲಿತ್ತು, ಬೆರಳು ಆಡುತ್ತಿರಲಿಲ್ಲ. ಆ ಕಾಂಟ್ರ್ಯಾಕ್ಟು ಹೋದರೆ ಅಂಗಡಿ ಹೋಯಿತು ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಎದೆಗಾರಿಕೆಯ ಭಾಷಣ ಬಿಗಿಯುವ ಚಟ ನನಗಿಲ್ಲ. "ಬೇಡ ಅನ್ಸಿದ್ರೆ ಈಗ್ಲೇ ಹೇಳು, ಬೇರೆಯವರನ್ನ ಹುಡುಕ್ತೀನಿ. ಅರ್ಧಕ್ಕೆ ಕೈಬಿಟ್ರೆ ಒದೀತೀನಿ" ಅಂದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮೂಲೆಯ ಯುಪಿಎಸ್ ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿತು.

"ಒದಿಯೂದು ಆಮ್ಯಾಲ್ರಿ!" ಈರೇಶ ಕುರ್ಚಿ ತಳ್ಳಿ ಎದ್ದ. "ಆ ಪ್ರಿಂಟರ್ ವಾಯರ್ ಕೀಳ್ರಿ. ಮಾರಕ್ಕ, ಫ್ಯಾನ್ ಬಂದ್ ಮಾಡಬೇ. ಆ ಕಂಪ್ಯೂಟರೂ ಆರಿಸ್ರಿ. ಬ್ಯಾಟರಿ ಹಳೇದೈತಿ."

ಹಸಿರು ಪಟ್ಟಿ ಮುಕ್ಕಾಲು ತೆವಳಿತ್ತು. ಯುಪಿಎಸ್‌ನ ಕೂಗು ಬೇಗಬೇಗನೆ ಬರತೊಡಗಿತು, ಉಬ್ಬಸದವನ ಉಸಿರಿನ ಹಾಗೆ. ಮಾರಕ್ಕ ಪಟ್ಟಿಯನ್ನೇ ನೋಡುತ್ತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಪಟ್ಟಿ ತುದಿ ಮುಟ್ಟಿತು. ಈರೇಶ ಸಿಕ್ಕಿದ್ದನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ಎಳೆದುಕೊಂಡ. ಆಮೇಲೆ ಯುಪಿಎಸ್ ಸುಮ್ಮನಾಯಿತು, ಪರದೆ ಕಪ್ಪಾಯಿತು.

ಲ್ಯಾಪ್‌ಟಾಪಿನಲ್ಲಿ ಹಾಜರಿ ಇತ್ತು. ಯಾವ ದಿನ ಯಾವ ನಂಬರಿನವರು ಒಳಗೆ ಬಂದರು, ಹೊರಗೆ ಹೋದರು, ಸಾಲು ಸಾಲು. ಕುಣಿಯೋಣ ಅನ್ನಿಸಿತು. ಈರೇಶನ ಮುಖ ಅರಳಲಿಲ್ಲ.

"ನಂಬರ್ ಅದಾವ್ರಿ. ಆ ನಂಬರ್ ಯಾರದು ಅಂತ ಹೇಳೂ ಪಟ್ಟಿ ಬ್ಯಾರೆ. ಅದು ಕೆಟ್ಟೈತಿ." ಪರದೆ ನನ್ನ ಕಡೆ ತಿರುಗಿಸಿದ. ಹೆಸರಿನ ಜಾಗದಲ್ಲೆಲ್ಲ ಕಸ. ತಲೆ ಮೇಲೆ ಚುಕ್ಕಿ, ಟೊಪ್ಪಿಗೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರ, ಕೊಕ್ಕೆ, ಗೀಟು. "ಹೋತ್ರಿ ಅಣ್ಣಾರ. ಹೆಸರ ಹೋದ್ವು."

ಹೆಸರಿಲ್ಲದ ನಂಬರಿಗೆ ಯಾವ ಸರ್ಕಾರವೂ ಗ್ರಾಚ್ಯುಟಿ ಕೊಡಿಸುವುದಿಲ್ಲ.

"ಏನಂತೆ?" ಅಂದಳು ಮಾರಕ್ಕ. "ನನ್ನೆಸ್ರು ಐತೋ ಇಲ್ವೋ? ಅದೊಂದ್ ಯೋಳ್ಬುಡಪ್ಪ."

ಈರೇಶ ಪಟ್ಟಿಯನ್ನು ಕೆಳಕ್ಕೆ ಜಾರಿಸಿದ, ಮೇಲಕ್ಕೆ ಜಾರಿಸಿದ. ಹೊರಡುವ ಹೊತ್ತಾಗುತ್ತಿತ್ತು. ನಾನು ಬೀಡಿ ಹಚ್ಚಲು ಎದ್ದೆ.

"ಅಣ್ಣಾರ, ಕುಂದ್ರಿ. ಇಲ್ಲಿ ನೋಡ್ರಿ." ಒಂದು ಸಾಲಿನ ಕೊನೆಯ ಮೇಲೆ ಬೆರಳಿಟ್ಟ: ªÀÄä. ಅದರ ಕೆಳಗಿನ ಸಾಲಿನ ಕೊನೆಯಲ್ಲೂ ªÀÄä. ಅದರ ಕೆಳಗೂ. "ಕೆಟ್ಟ ಫೈಲು ಹಿಂಗ ಒಂದ ರಾಗ ಹಾಡಂಗಿಲ್ರಿ. ಕೆಟ್ಟಿದ್ದು ಹೆಂಗ ಬೇಕೋ ಹಂಗ ಕೆಟ್ಟಿರತೈತಿ. ಇದು ಕೆಟ್ಟಿಲ್ಲ." ತಲೆಯ ಮೇಲೆ ಕೈಯಿಟ್ಟುಕೊಂಡು ನಕ್ಕ. "ಬಜ್ಜಿ ಅಂಗಡಿ ಕರಪತ್ರ, ಅಣ್ಣಾರ!"

ಆಗ ನನಗೂ ಹೊಳೆಯಿತು. ಕೂಲಿ ಚೀಟಿ ಇಂಗ್ಲಿಷಿನಲ್ಲಿ ಕೊಟ್ಟು ಯಾಮಾರಿಸುತ್ತಾರೆ, ಕನ್ನಡದಲ್ಲಿ ಕೊಡಿ ಅಂತ ಅದೇ ಗೇಟಿನ ಮುಂದೆ ಕೂತಿದ್ದವರು ನಾವೇ. ಕೊಟ್ಟರು. ಅಂದರೆ, ಟೈಮ್ ಆಫೀಸಿನಲ್ಲಿ ಯಾರೋ ಕೂತು ಎಲ್ಲರ ಹೆಸರನ್ನೂ ನುಡಿಯಲ್ಲಿ ಟೈಪ್ ಮಾಡಿದ್ದರು. ಈರೇಶ ಈಗಿನ ಲ್ಯಾಪ್‌ಟಾಪಿನಲ್ಲಿ ನುಡಿಯ ಹಳೆ ಫಾಂಟ್ ಹಾಕಿಕೊಂಡಿರಲಿಲ್ಲ. ಫಾಂಟಿಲ್ಲದ ಕಂಪ್ಯೂಟರಿಗೆ ನಮ್ಮ ಹೆಂಗಸರ ಹೆಸರು ಕಸವಾಗಿ ಕಂಡಿತ್ತು. ಜಗಳಾಡಿ ತಂದ ಕನ್ನಡವೇ ನಮಗೆ ಗುರುತು ಸಿಗಲಿಲ್ಲ.

ಡಿಟಿಪಿ ಕಾಲದ ಹಳೆಯ ಡಿಸ್ಕು ಹುಡುಕಿ, ಫಾಂಟ್ ತೆಗೆದು, ಪಟ್ಟಿಯ ಮೇಲೆ ಹಾಕಿದ. ಕಸ ಕದಲಿತು. ಭಾಗ್ಯಮ್ಮ. ಯಂಕಟಮ್ಮ. ಮುನಿಯಮ್ಮ. ಆ ಬಾಲ 'ಮ್ಮ'. ಪ್ಯಾಕಿಂಗ್ ಸೆಕ್ಷನ್ ಪೂರ್ತಿ ಅಮ್ಮಂದಿರು. ಇದರಲ್ಲಿ ತಾಯಿ ಸೆಂಟಿಮೆಂಟ್ ಹುಡುಕಬೇಡಿ, ಈ ಜಿಗಣಿ, ಆನೇಕಲ್ ಕಡೆ ಹೆಣ್ಣುಮಕ್ಕಳಿಗೆ ಹೆಸರಿಡುವುದೇ ಹಾಗೆ.

"ನಂದು?" ಅಂದಳು ಮಾರಕ್ಕ.

"ನಿಂದಕ್ಕ ಬಾಲ ಬ್ಯಾರೆ ಐತಿ ಬೇ, ಅದಕ್ಕ ಹುಡುಕಬೇಕಾತು. ಇಲ್ಲೈತಿ ನೋಡು."

ಅವಳು ಪರದೆಯ ಹತ್ತಿರ ಹೋಗಿ ತನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. "ಊಂ, ನಾನೇಯ" ಅಂದಳು. "ನಡೀರಿ, ಒತ್ತಾಯ್ತು."

ದಾರಿಯಲ್ಲಿ ಕರೆಂಟಿದ್ದ ಅಂಗಡಿಯೊಂದರಲ್ಲಿ ಪಟ್ಟಿಯನ್ನು ಪ್ರಿಂಟ್ ಹಾಕಿಸಿಕೊಂಡೆವು. ಲೇಬರ್ ಆಫೀಸಿನಲ್ಲಿ ನಮ್ಮ ಪ್ರಿಂಟನ್ನು ನೋಡಿ ಹರ್ಷವರ್ಧನ್ ಎದ್ದು ನಿಂತ. "ಮೇಡಂ, ಇದನ್ನ ಇವ್ರೇ ಟೈಪ್ ಮಾಡ್ಕೊಂಡು ಬಂದಿದ್ದಾರೆ."

ನಾನು ಬಾಯಿ ತೆಗೆಯುವ ಮೊದಲೇ ಈರೇಶ ಲಕೋಟೆಯನ್ನು ಮೇಜಿನ ಮೇಲಿಟ್ಟ. "ಅಸಲು ಇದರಾಗೈತ್ರಿ ಮೇಡಂ, ಮುಟ್ಟಿಲ್ಲ. ಅವರ ಹತ್ರ ಇರೂದೂ ಇದ. ಅವರ ಐಟಿಯವರನ್ನ ಕರಸ್ರಿ. ಅವರ ಫೈಲು, ಅವರ ಕಂಪ್ಯೂಟರು. ಅವರ ಕಣ್ಣ ಮುಂದ ಇನ್ನೊಮ್ಮೆ ತಗೀತೀನಿ."

ಮೇಡಂ ಕೊನೆಯದು ಅಂದಿದ್ದ ವಿಚಾರಣೆಯನ್ನು ಇನ್ನೊಂದು ದಿನಕ್ಕೆ ಮುಂದೂಡಿ ಹಾಗೇ ಮಾಡಿಸಿದರು. ಹೆಸರುಗಳು ಅಲ್ಲಿಯೂ ಬಂದವು. ಮಾರಕ್ಕ ಎಂಟು ವರ್ಷ ದುಡಿದವಳು ಅಂತ ಬರೆದು, ಅವಳಿಗೂ ಉಳಿದವರಿಗೂ ಗ್ರಾಚ್ಯುಟಿ ಕೊಡಿ ಅಂತ ಆದೇಶ ಆಯಿತು. ಕಂಪನಿ ಮೇಲ್ಮನವಿಗೆ ಹೋಗಿದೆ. ಹಾಗಾಗಿ ಬಾಕಿ.

ಈರೇಶನ ಕಾಂಟ್ರ್ಯಾಕ್ಟ್ ರಿನ್ಯೂ ಆಗಲಿಲ್ಲ. ಮಳಿಗೆ ಬಿಟ್ಟ. ಈಗ ಮನೆಯ ಜಗುಲಿಯ ಮೇಲೇ ಮೇಜು ಹಾಕಿಕೊಂಡಿದ್ದಾನೆ. "ಪಶ್ಚಾತ್ತಾಪ ಐತೇನೋ?" ಅಂದರೆ, "ಬಾಡಿಗಿ ಇಲ್ಲಲ್ರಿ, ಲಾಭ ಆತು" ಅನ್ನುತ್ತಾನೆ. ಸುಳ್ಳು. ಆದರೆ ಹೋರಾಟಗಾರ ಈಗಲಾದರೂ ಆದನೋ ಅಂದರೆ, ಅದೂ ಇಲ್ಲ. ಮೆರವಣಿಗೆಗೆ ಕರೆದರೆ ಇವತ್ತಿಗೂ ಬರುವುದಿಲ್ಲ.

ಇದನ್ನು ಓದುತ್ತಿರುವ ನೀವು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ದುಡಿಯುವವರಿರಬಹುದು. ನಿಮ್ಮ ಆಫೀಸಿನ ನೆಲ ಒರೆಸುವವರು, ಗೇಟು ಕಾಯುವವರು, ನಿಮ್ಮ ಅಪಾರ್ಟ್‌ಮೆಂಟಿನ ಕಸ ತೆಗೆಯುವವರು ದಿನಾ ಒಂದು ಯಂತ್ರಕ್ಕೆ ಬೆರಳು ಒತ್ತುತ್ತಾರೆ. ಆ ಹಾಜರಿ ಯಾರ ಕಂಪ್ಯೂಟರಿನಲ್ಲಿದೆ? ಅದು ನಾಳೆ ತೆರೆಯದೇ ಹೋದರೆ ಅವರ ವರ್ಷಗಳು ಎಲ್ಲಿ ಹೋಗುತ್ತವೆ? ಎಲ್ಲ ಕಡೆ ಈರೇಶ ಸಿಗುವುದಿಲ್ಲ. ಈರೇಶ ಮೊದಲು ಮಾಡಿದ್ದೇನೋ ಅದನ್ನೇ ನೀವು ಮಾಡಿಸಿ. ಮರುಕ ಬೇಡ, ಚಂದಾ ಬೇಡ. ನಾಳೆ ಬೆಳಿಗ್ಗೆ ಎಚ್‌ಆರ್ ಬಾಗಿಲು ತಟ್ಟಿ, ಅವರ ಹಾಜರಿಯ ಒಂದು ಕಾಪಿ, ಅವರಿಗೆ ಓದಲು ಬರುವ ಅಕ್ಷರದಲ್ಲಿ, ಪ್ರತಿ ತಿಂಗಳು ಅವರ ಕೈಗೆ ಕೊಡಿ ಅಂತ ಕೇಳಿ. ಕೇಳುತ್ತೀರೋ, ಇಲ್ಲವೋ?